ಲಿನಕ್ಸಿನ ಕಪ್ಪು ಪರದೆ ಮತ್ತು ನಮ್ಮ ಕನ್ನಡ

(ಲೋಣಾವಳಾದಲ್ಲಿ ಸೇರಿದ್ದ ನಮ್ಮ ಸಂಘದ ಮಳೆಗಾಲದ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಮಳೆಗಾಲದಲ್ಲಿ ಲೋಣಾವಳಾಕ್ಕೆ ಬರುವವರು ಸಾಮಾನ್ಯವಾಗಿ ಭೂಶಿ ಅಣೆಕಟ್ಟಿನ ಮೆಟ್ಟಿಲುಗಳ ಮೇಲೆ ಹರಿಯುವ ನೀರನ್ನು ನೋಡಲು ಬರುತ್ತಾರೆ, ಹಿಂದಿರುಗುವಾಗ ಚಿಕ್ಕಿಯ ಪೊಟ್ಟಣ ಕಟ್ಟಿಸಿಕೊಂಡು ಹೋಗುತ್ತಾರೆ. ಅಂಥ ಊರಿನಲ್ಲಿ ತಮ್ಮನ್ನು ಕೋಣೆಯೊಳಗೆ ಕೂರಿಸಿ ಗಣಕಯಂತ್ರದ ಮಾತನ್ನಾಡುವುದು ಸ್ವಲ್ಪ ಅನ್ಯಾಯವೇ ಸರಿ. ಕಾರ್ಯದರ್ಶಿಗಳು ನನಗೆ ಒಪ್ಪಿಸಿದ ವಿಷಯ 'ಲಿನಕ್ಸ್ ಮತ್ತು ಕನ್ನಡ'. ನಾನು ಗಣಕಶಾಸ್ತ್ರದ ಪಂಡಿತನಲ್ಲ. ಗದಗಿನ ಕಡೆಯಿಂದ ಬಂದು, ರೈಲ್ವೆಯ ದೂರಸಂಪರ್ಕ ಶಾಖೆಯಲ್ಲಿ ಮೂರು ದಶಕಗಳಿಗೂ ಮೀರಿ ದುಡಿದು, ಇಲ್ಲಿಯೇ ನೆಲೆನಿಂತ ಒಬ್ಬ ನಿವೃತ್ತ ನೌಕರ. ಆದರೆ ನಮ್ಮ ತ್ರೈಮಾಸಿಕದ ಹಳೆಯ ಸಂಚಿಕೆಗಳನ್ನು ಗಣಕದಲ್ಲಿ ಉಳಿಸಿಕೊಳ್ಳುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಆ ಕೆಲಸದಲ್ಲಿ ಏನು ಕಲಿತೆ, ಏನನ್ನು ಉಳಿಸಿದೆ, ಏನನ್ನು ಕಳೆದೆ ಎಂಬುದನ್ನಷ್ಟೇ ನಾನು ಹೇಳಬಲ್ಲೆ.

ಮೊದಲು ಈ ಲಿನಕ್ಸ್ ಎಂದರೇನು ಎಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಗಣಕಯಂತ್ರ ಎಚ್ಚರಗೊಂಡೊಡನೆ ಅದರ ಅಂಗಾಂಗಗಳನ್ನು ನಡೆಸುವ ಮೂಲ ತಂತ್ರಾಂಶವೊಂದು ಬೇಕು. ನಮ್ಮಲ್ಲಿ ಬಹುಮಂದಿ ಬಲ್ಲದ್ದು ವಿಂಡೋಸ್. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ, ಯಾರೂ ಬಳಸಬಹುದಾದ, ತಿದ್ದಬಹುದಾದ, ಹಂಚಬಹುದಾದ ಒಂದು ವ್ಯವಸ್ಥೆಯನ್ನು ಕಟ್ಟುವುದಾಗಿ ಸಾರಿ ಅದಕ್ಕೆ ಗ್ನೂ ಎಂದು ಹೆಸರಿಟ್ಟರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅದಕ್ಕೆ ಕೊರತೆಯಾಗಿದ್ದ ತಿರುಳನ್ನು ಬರೆದರು. ಎರಡೂ ಕೂಡಿದ್ದನ್ನು ಲೋಕವು ಲಿನಕ್ಸ್ ಎನ್ನುತ್ತದೆ. ಇದಕ್ಕೆ ಹಣ ಕೊಡಬೇಕಾಗಿಲ್ಲ ಎಂಬುದು ಸಣ್ಣ ಸಂಗತಿ. ಇದನ್ನು ಕನ್ನಡಕ್ಕೆ ತಿರುಗಿಸಲು ಯಾರ ಅಪ್ಪಣೆಯನ್ನೂ ಬೇಡಬೇಕಾಗಿಲ್ಲ ಎಂಬುದೇ ನಮಗೆ ಮುಖ್ಯವಾದ ಸಂಗತಿ.

ನಾನು ಇದರ ಬಳಿ ಹೋದದ್ದು ತತ್ತ್ವದ ಸೆಳೆತದಿಂದಲ್ಲ, ಅನಿವಾರ್ಯದಿಂದ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿದ್ದ ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ ಕಂಪನಿಯ ಬೆಂಬಲ ನಿಂತಿತು. ಹೊಸದನ್ನು ಹಾಕಿದರೆ ಯಂತ್ರ ಏದುಸಿರು ಬಿಡುತ್ತಿತ್ತು. ಅಷ್ಟರಲ್ಲಿ ಕೊರೋನಾದ ಬೀಗ ಬಿತ್ತು, ಅಂಗಡಿಗಳು ಮುಚ್ಚಿದವು. ನೆರೆಮನೆಯ ಮರಾಠಿ ಹುಡುಗ, ಆಗ ತಳೇಗಾವಿನ ಕಾಲೇಜಿನಲ್ಲಿ ಓದುತ್ತಿದ್ದವನು, "ಕಾಕಾ, ಯಂತ್ರ ಎಸೆಯಬೇಡಿ, ಒಂದು ಪೆನ್ ಡ್ರೈವ್ ಕೊಡಿ" ಎಂದ. ಮರುದಿನ ಲಿನಕ್ಸ್ ಮಿಂಟ್ ಎಂಬ ಆವೃತ್ತಿಯನ್ನು, ಅದರಲ್ಲಿಯೂ ಹಗುರವಾದ ಎಕ್ಸ್‌ಎಫ್‌ಸಿಇ ಎಂಬ ಮೇಜಿನೊಡನೆ, ಹಾಕಿಕೊಟ್ಟ. ಸತ್ತಿದೆ ಎಂದುಕೊಂಡಿದ್ದ ಯಂತ್ರ ಎದ್ದು ಕುಳಿತಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೂ ಅದೇ ಗತಿ ಬಂದಾಗ, ತಮ್ಮಲ್ಲಿ ಹಲವರು ಫೋನು ಮಾಡಿ ಕೇಳಿದ್ದೂ ಇದೇ ಪ್ರಶ್ನೆಯನ್ನು. ಆದ್ದರಿಂದ ಈ ಮಾತು ನನ್ನೊಬ್ಬನದಲ್ಲ.

ಮೊದಲ ಒಂದು ತಿಂಗಳು ನಾನು ಮಾಡಿದ್ದು ಮನೆಯನ್ನು ಒಪ್ಪಗೊಳಿಸುವ ಕೆಲಸ. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯುವುದಕ್ಕೂ ಮಾಲೀಕನನ್ನು ಕೇಳಬೇಕು, ಇಲ್ಲಿ ಕೇಳುವವರಿಲ್ಲ. ಪರದೆಯ ತಳದಲ್ಲಿದ್ದ ಪಟ್ಟಿಯನ್ನು ಮೇಲಕ್ಕೆ ಒಯ್ದೆ. ಅಕ್ಷರದ ಗಾತ್ರವನ್ನು ನನ್ನ ಕಣ್ಣಿಗೆ ತಕ್ಕಂತೆ ದೊಡ್ಡದು ಮಾಡಿದೆ. ಬೆಳಗುವ ಬಿಳಿಯನ್ನು ತಗ್ಗಿಸಿ ನಸುಗಂದು ಬಣ್ಣ ಹಾಕಿದೆ. ಭಾಷೆಯ ಆಯ್ಕೆಯಲ್ಲಿ ಕನ್ನಡವನ್ನು ಒತ್ತಿ, ಒಮ್ಮೆ ಹೊರಬಂದು ಮತ್ತೆ ಒಳಹೊಕ್ಕಾಗ, ಮೂಲೆಯ ಗಡಿಯಾರದ ಪಕ್ಕದಲ್ಲಿ ವಾರದ ಹೆಸರು ಕನ್ನಡದಲ್ಲಿ ಕಾಣಿಸಿತು. 'ಫೈಲ್' ಇದ್ದಲ್ಲಿ 'ಕಡತ' ಎಂದಿತ್ತು. ನಲವತ್ತು ವರ್ಷ ಮರಾಠಿ ಫಲಕಗಳ, ಹಿಂದಿ ಸುತ್ತೋಲೆಗಳ, ಇಂಗ್ಲಿಷ್ ಕಡತಗಳ ನಡುವೆ ಬಾಳಿದವನಿಗೆ ಅದು ಸಣ್ಣ ಸಂತೋಷವಲ್ಲ. ಎಲ್ಲವೂ ಕನ್ನಡವಾಯಿತೆಂದು ಮಾತ್ರ ತಿಳಿಯಬಾರದು. ಕೆಲವು ಕಿಟಕಿಗಳು ಪೂರ್ತಿ ಕನ್ನಡ, ಕೆಲವು ಅರೆಬರೆ, ಕೆಲವು ಇಂಗ್ಲಿಷೇ. ಅನುವಾದ ಮಾಡುವವರು ಸ್ವಯಂಸೇವಕರು. ಅವರು ದಣಿದಲ್ಲಿ ಕನ್ನಡವೂ ನಿಲ್ಲುತ್ತದೆ. ಇದನ್ನು ದೂರಾಗಿ ಹೇಳುತ್ತಿಲ್ಲ. ನಮ್ಮ ಪತ್ರಿಕೆಯ ಸ್ಥಿತಿಯೂ ಅದೇ ಅಲ್ಲವೇ?

ಕೀಲಿಮಣೆಯ ವಿಷಯದಲ್ಲಿ ನನಗೆ ಅನಿರೀಕ್ಷಿತವಾಗಿ ಸುಖವಾಯಿತು. ಕಿನ್ನಿಕಂಬಳದ ನಾಡೋಜ ಕೆ. ಪಿ. ರಾವ್ ಅವರು ರೂಪಿಸಿದ ಉಚ್ಚಾರಾನುಸಾರಿ ವಿನ್ಯಾಸವನ್ನು ಕನ್ನಡ ಗಣಕ ಪರಿಷತ್ತು ತನ್ನ 'ನುಡಿ'ಯಲ್ಲಿ ಅಳವಡಿಸಿಕೊಂಡದ್ದು ತಮಗೆ ಗೊತ್ತು. ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿ, ಭಾರತೀಯ ವಿನ್ಯಾಸಗಳ ಸಾಲಿನಲ್ಲಿ, ಅದು 'ಕಗಪ' ಎಂಬ ಪರಿಷತ್ತಿನ ಹೆಸರಿನಿಂದಲೇ ಕುಳಿತಿದೆ. ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಹೊಸದಾಗಿ ಕಲಿಯುವುದೇನೂ ಇಲ್ಲ. ಇಂಗ್ಲಿಷಿನಿಂದ ಕನ್ನಡಕ್ಕೆ ದಾಟಲು ಯಾವ ಕೀಲಿಯನ್ನು ಒತ್ತಬೇಕೆಂಬುದನ್ನೂ ನಾವೇ ಗೊತ್ತುಮಾಡಬಹುದು.

ಅಕ್ಷರಗಳ ವಿಷಯಕ್ಕೆ ಬಂದರೆ, ನಮ್ಮ ನೆರೆಯ ಪುಣೆಗೆ ನಾವು ಋಣಿಗಳಾಗಿದ್ದೇವೆ. ಕಾನ್ಪುರದ ಐಐಟಿಯಲ್ಲಿ ಹುಟ್ಟಿದ ಜಿಸ್ಟ್ ತಂತ್ರಜ್ಞಾನವನ್ನು ಬೆಳೆಸಿ ಭಾರತೀಯ ಲಿಪಿಗಳನ್ನು ಗಣಕಕ್ಕೆ ತಂದದ್ದು 1988ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಿ-ಡ್ಯಾಕ್. ಡಿಟಿಪಿ ಮಾಡುವವರ ಶ್ರೀಲಿಪಿಯೂ ಪುಣೆಯದೇ. ಲಿನಕ್ಸ್ ಬಳಸುವ ಅನೇಕ ಕನ್ನಡಿಗರಿಗೆ ಎದುರಾಗುವ 'ಲೋಹಿತ್' ಅಕ್ಷರವಿನ್ಯಾಸವು ರೆಡ್ ಹ್ಯಾಟ್ ಕಂಪನಿಯದು. ಅದನ್ನು ಕಾಪಾಡಿಕೊಂಡು ಬಂದವರಲ್ಲಿ ಆ ಕಂಪನಿಯ ಪುಣೆ ಕಚೇರಿಯ ತಂತ್ರಜ್ಞರ ಪಾಲು ದೊಡ್ಡದು. ಲೋಹಿತವೆಂದರೆ ಕೆಂಪು, ಕೆಂಪು ಟೊಪ್ಪಿಗೆಯ ಕಂಪನಿ ತನ್ನ ಬಣ್ಣವನ್ನು ಸಂಸ್ಕೃತದಲ್ಲಿ ಇಟ್ಟಿದೆ. ಅದು ಸಾಲದೆಂದವರಿಗೆ ಗುಬ್ಬಿ, ನವಿಲು, ಕೇದಗೆ, ಮಲ್ಲಿಗೆ ಎಂಬ ಅಚ್ಚಕನ್ನಡ ಹೆಸರಿನ ಅಕ್ಷರಗಳೂ ಉಂಟು.

ಇಷ್ಟರವರೆಗೆ ಎಲ್ಲವೂ ಮೌಸಿನಿಂದ ನಡೆಯಿತು. ಇನ್ನು ಕಪ್ಪು ಪರದೆ.

ಟರ್ಮಿನಲ್ ಎಂಬ ಆ ಕಿಟಕಿಯನ್ನು ಹುಡುಗ ಮೊದಲ ಬಾರಿ ತೆರೆದಾಗ ನನಗೆ ಭಯಕ್ಕಿಂತ ಹೆಚ್ಚಾಗಿ ಹಳೆಯ ನೆನಪು ಉಕ್ಕಿತು. ಕಪ್ಪು ಹಿನ್ನೆಲೆ, ಮಿನುಗುವ ಒಂದು ಗೆರೆ, ನಾವು ಬರೆದರೆ ಅದು ಉತ್ತರಿಸುತ್ತದೆ. ಇದು ನಮ್ಮ ಟೆಲಿಪ್ರಿಂಟರ್ ಅಲ್ಲವೇ! ಇದು ಬರಿಯ ಹೋಲಿಕೆಯಲ್ಲ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯೂನಿಕ್ಸ್ ವ್ಯವಸ್ಥೆಗೆ ಕೈಹಾಕಿದಾಗ ಗಣಕದೊಡನೆ ಮಾತನಾಡಲು ಅವರಿಗೆ ಇದ್ದದ್ದು ಟೆಲಿಟೈಪ್ ಯಂತ್ರವೇ. ಲಿನಕ್ಸ್ ಆ ಯೂನಿಕ್ಸಿನ ಅಚ್ಚಿನಲ್ಲಿ ಎರಕಗೊಂಡದ್ದು. ಟರ್ಮಿನಲಿಗೆ ಇಂದಿಗೂ ಅದರೊಳಗೆ 'ಟಿಟಿವೈ' ಎಂದೇ ಹೆಸರು. ಟೆಲಿಟೈಪ್‌ರೈಟರ್ ಎಂಬುದರ ಸಂಕ್ಷೇಪ. ಆದೇಶಗಳ ಹೆಸರುಗಳು ಎರಡೇ ಅಕ್ಷರದ ಮೊಟಕು ಪದಗಳಾಗಿರುವುದು ಏಕೆಂದು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಭಾರವಾದ ಕೀಲಿಗಳನ್ನು ದಿನವಿಡೀ ಒತ್ತಿದವರಿಗೆ, ತಂತಿಯ ಮಾತಿಗೆ ಪದವೆಣಿಸಿ ದುಡ್ಡು ಕೊಟ್ಟವರಿಗೆ, ಅದು ತಾನೇ ತಿಳಿಯುತ್ತದೆ.

ಹೊಸಬರು ಹೆದರುವುದು ಆದೇಶಗಳ ಸಂಖ್ಯೆಗೆ. ಸಾವಿರಾರು ಇವೆ, ನಿಜ. ಆದರೆ ನಾವು ಈ ಊರಿಗೆ ಬಂದಾಗ ಮರಾಠಿಯನ್ನು ನಿಘಂಟು ಹಿಡಿದು ಕಲಿತೆವೇ? 'ಕಿತಿ', 'ಕುಠೇ', 'ನಕೋ' ಎಂಬ ಮೂರು ಮಾತಿನಿಂದ ಸಂತೆ ಮುಗಿಸಿದೆವು. ಇಲ್ಲಿಯೂ ಹಾಗೆಯೇ. ನಾನು ಎಲ್ಲಿದ್ದೇನೆ ಎಂದು ಕೇಳಲು ಪಿಡಬ್ಲ್ಯುಡಿ. ಇದು ಲೋಕೋಪಯೋಗಿ ಇಲಾಖೆಯಲ್ಲ. ಇಲ್ಲಿ ಏನೇನಿದೆ ಎಂದು ಕೇಳಲು ಎಲ್‌ಎಸ್. ಬೇರೆ ಕಡತಕೋಶಕ್ಕೆ ಹೋಗಲು ಸಿಡಿ. ಮೊದಲ ವಾರ ಈ ಮೂರರಿಂದಲೇ ನನ್ನ ಯಂತ್ರದ ಒಳಗೆಲ್ಲ ಅಡ್ಡಾಡಿದೆ. ನೋಡುವುದರಿಂದ ಏನೂ ಕೆಡುವುದಿಲ್ಲ ಎಂಬ ಧೈರ್ಯ ಬರಬೇಕಾದರೆ ಹೀಗೆ ಅಡ್ಡಾಡಬೇಕು. ಅನಂತರ ಹುಡುಗ ಎರಡು ಗುಟ್ಟು ಹೇಳಿದ. ಹೆಸರಿನ ಮೊದಲೆರಡು ಅಕ್ಷರ ಬರೆದು ಟ್ಯಾಬ್ ಕೀಲಿ ಒತ್ತಿದರೆ ಉಳಿದುದನ್ನು ಯಂತ್ರವೇ ತುಂಬುತ್ತದೆ. ಮೇಲುಬಾಣದ ಕೀಲಿ ಒತ್ತಿದರೆ ಹಿಂದೆ ಬರೆದ ಆದೇಶ ಮರಳಿ ಬರುತ್ತದೆ. ಈ ಎರಡನ್ನು ಹೇಳದೆ ಟರ್ಮಿನಲ್ ಕಲಿಸುವವರು ಈಜು ಕಲಿಸುತ್ತೇವೆಂದು ಕೈಕಟ್ಟಿ ನೂಕಿದಂತೆ. ಯಾವ ಆದೇಶದ ವಿವರ ಬೇಕಾದರೂ ಅದರ ಮುಂದೆ 'ಮ್ಯಾನ್' ಎಂದು ಬರೆದರೆ ಕೈಪಿಡಿಯೇ ತೆರೆದುಕೊಳ್ಳುತ್ತದೆ. ಕೈಪಿಡಿ ಇಂಗ್ಲಿಷಿನಲ್ಲಿದೆ, ಅದೂ ಒಣ ಇಂಗ್ಲಿಷ್. ನಾನು ಒಂದು ನೋಟುಪುಸ್ತಕದಲ್ಲಿ ದಿನಕ್ಕೊಂದು ಆದೇಶದಂತೆ ಕನ್ನಡದಲ್ಲಿ ಬರೆದುಕೊಂಡೆ. ಅದು ಇಂದು ತೊಂಬತ್ತು ಪುಟವಾಗಿದೆ. ನಿತ್ಯ ಬಳಸುವುದು ಹದಿನೈದನ್ನು ಮೀರುವುದಿಲ್ಲ.

ಮೌಸಿನಿಂದಲೇ ಎಲ್ಲ ಆಗುವಾಗ ಇದರ ಗೊಡವೆ ಏಕೆ ಎಂದು ತಾವು ಕೇಳಬಹುದು. ಕರ್ಜತ್ತಿನಿಂದ ಇಲ್ಲಿಗೆ ಗಾಡಿ ಹತ್ತುವುದನ್ನು ತಾವೆಲ್ಲ ನೋಡಿದ್ದೀರಿ. ಮುಂದಿನ ಎಂಜಿನ್ ಎಷ್ಟು ಬಲವಾಗಿದ್ದರೂ, ಭೋರ್ ಘಾಟಿಯ ಏರಿನಲ್ಲಿ ಹಿಂದಿನಿಂದ ನೂಕಲು ಬ್ಯಾಂಕರ್ ಎಂಜಿನುಗಳನ್ನು ಜೋಡಿಸುತ್ತಾರೆ. ಒಂದೊಂದು ಎಂಜಿನ್ ತನ್ನ ಕೆಲಸವನ್ನಷ್ಟೇ ಬಲ್ಲದು. ಜೋಡಿಸಿದಾಗ ಗಾಡಿ ಘಾಟಿ ಹತ್ತುತ್ತದೆ. ಡಗ್ಲಸ್ ಮೆಕಿಲ್ರಾಯ್ ಎಂಬವರ ಸಲಹೆಯಂತೆ 1973ರಲ್ಲಿ ಯೂನಿಕ್ಸಿಗೆ ಬಂದ 'ಪೈಪ್' ಎಂಬ ಉಪಾಯ ಇಂಥದೇ. ಒಂದು ಆದೇಶದ ಉತ್ತರವನ್ನು ಒಂದು ನೆಟ್ಟಗಿನ ಗೆರೆ ಎಳೆದು ಇನ್ನೊಂದರ ಬಾಯಿಗೆ ಹಾಕಬಹುದು. ಗ್ರೆಪ್ ಹುಡುಕುತ್ತದೆ, ಸಾರ್ಟ್ ಅಕಾರಾದಿಯಾಗಿ ಜೋಡಿಸುತ್ತದೆ, ಯುನಿಕ್ ಒಂದರ ಕೆಳಗೊಂದು ಬಂದ ಪುನರುಕ್ತಿಯನ್ನು ಕಳೆಯುತ್ತದೆ. ನಮ್ಮ ಸದಸ್ಯರ ಪಟ್ಟಿಗಳು ಹಲವು ಕಡತಗಳಲ್ಲಿ ಚದರಿದ್ದವು. ಒಬ್ಬರ ಹೆಸರೇ ಮೂರು ಕಡೆ. ಮೂರನ್ನೂ ಕೊಂಡಿ ಹಾಕಿ ಒಂದೇ ಸಾಲು ಬರೆದೆ. ಎರಡು ಭಾನುವಾರಗಳ ಕೆಲಸ, ನಾನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಮುಗಿದಿತ್ತು.

ಅಲ್ಲಿಯೇ ಒಂದು ಸೋಜಿಗವೂ ಕಾದಿತ್ತು. ಪಟ್ಟಿಯಲ್ಲಿ ಬಳ್ಳಾರಿಯವರು ಬಸವನ ಬಾಗೇವಾಡಿಯವರಿಗಿಂತ ಮುಂದೆ ಬಂದಿದ್ದರು. ನಮ್ಮ ವರ್ಣಮಾಲೆಯಲ್ಲಿ ಳಕಾರ ಹಕಾರದ ಆಚೆಗಿನದು. ಸಕಾರಕ್ಕಿಂತ ಮುಂದೆ ಹೇಗೆ ಬಂತು? ಹುಡುಕಿದಾಗ ತಿಳಿಯಿತು: ಎಲ್ಲಿಂದಲೋ ನಕಲು ಮಾಡಿಕೊಂಡ ಸಾಲೊಂದು ಭಾಷೆಯ ಸಂಯೋಜನೆಯನ್ನು 'ಸಿ' ಎಂಬ ಬರಿಯ ಸಂಕೇತದ ಕ್ರಮಕ್ಕೆ ಇಳಿಸಿತ್ತು. ಆ ಕ್ರಮದಲ್ಲಿ ಯಂತ್ರ ಯೂನಿಕೋಡಿನ ಸಂಖ್ಯೆಯನ್ನಷ್ಟೇ ನೋಡುತ್ತದೆ. ಯೂನಿಕೋಡ್ ನಮ್ಮ ಲಿಪಿಗಳ ಜೋಡಣೆಯನ್ನು ಭಾರತದ ಇಸ್ಕಿ ಸಂಕೇತದಿಂದ ಪಡೆಯಿತು. ಇಸ್ಕಿ ಎಲ್ಲ ಭಾರತೀಯ ಲಿಪಿಗಳಿಗೂ ಒಂದೇ ಚೌಕಟ್ಟು ಹಾಕಿತು. ಆ ಚೌಕಟ್ಟಿನಲ್ಲಿ ಳ ಕುಳಿತದ್ದು ಲಕಾರದ ಪಕ್ಕದಲ್ಲಿ. ಮರಾಠಿಯ ವರ್ಣಮಾಲೆಯಲ್ಲಿಯೂ ಳ ಹಕಾರದ ನಂತರವೇ ಬರುವುದು. ಹಾಗಾಗಿ ಲೋಣಾವಳಾದ ಈ ಳಕಾರದ ವಿಷಯದಲ್ಲಿ ಕನ್ನಡಿಗರಿಗೂ ಮರಾಠಿಗರಿಗೂ ಜಗಳವಿಲ್ಲ, ಇಬ್ಬರದೂ ಒಂದೇ ದೂರು! ಸಂಯೋಜನೆಯನ್ನು ಕನ್ನಡಕ್ಕೆ ಮರಳಿಸಿದೊಡನೆ ಬಸವನ ಬಾಗೇವಾಡಿ ಮುಂದಾಯಿತು, ಬಳ್ಳಾರಿ ತನ್ನ ಸ್ಥಾನಕ್ಕೆ ಹೋಯಿತು.

ಅಕ್ಷರ ಎಣಿಸುವುದೂ ಇಂಥದೇ ಪಾಠ. 'ಕನ್ನಡ' ಎಂಬ ಪದದಲ್ಲಿ ಎಷ್ಟು ಅಕ್ಷರ? ಮಕ್ಕಳನ್ನು ಕೇಳಿದರೆ ಮೂರು ಎನ್ನುತ್ತಾರೆ. ಡಬ್ಲ್ಯುಸಿ ಎಂಬ ಎಣಿಕೆಯ ಆದೇಶವನ್ನು ಕೇಳಿದರೆ, ಸಾಲಿನ ಕೊನೆಯ ಗುರುತನ್ನು ಬಿಟ್ಟು, ಒಂದು ಲೆಕ್ಕದಲ್ಲಿ ಐದು, ಇನ್ನೊಂದು ಲೆಕ್ಕದಲ್ಲಿ ಹದಿನೈದು. ಕ, ನ, ಅದರ ವಿರಾಮ, ಮತ್ತೆ ನ, ಡ, ಐದು ಸಂಕೇತ. ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟುಗಳು; ಒಟ್ಟು ಹದಿನೈದು. ಮೂರಕ್ಷರದ ಪದವನ್ನು ಮೂರಕ್ಷರವೆಂದು ತಾನಾಗಿ ಎಣಿಸಲು ಅದಕ್ಕೆ ಬಾರದು.

ಇನ್ನೊಂದು ನೋವನ್ನೂ ಮುಚ್ಚಿಡಬಾರದು. ಟರ್ಮಿನಲ್ ಕಿಟಕಿಯಲ್ಲಿ ಕನ್ನಡ ಇಂದಿಗೂ ಸರಿಯಾಗಿ ಕೂರುವುದಿಲ್ಲ. ಟೆಲಿಟೈಪಿನ ವಂಶದ್ದಾದ್ದರಿಂದ ಅದು ಪರದೆಯನ್ನು ಸಮನಾದ ಚೌಕಗಳಾಗಿ ಹೋಳುಮಾಡಿ ಒಂದೊಂದರಲ್ಲಿ ಒಂದೊಂದು ರೋಮನ್ ಅಕ್ಷರವನ್ನು ಕೂರಿಸಲೆಂದೇ ಹುಟ್ಟಿದ್ದು. ನಮ್ಮ ಒತ್ತು ಕೆಳಗಿಳಿಯುತ್ತದೆ, ದೀರ್ಘ ಪಕ್ಕಕ್ಕೆ ಚಾಚುತ್ತದೆ, 'ಣ'ಕ್ಕೆ ಒಂದು ಅಗಲ, 'ರ'ಕ್ಕೆ ಇನ್ನೊಂದು. ಅನೇಕ ಟರ್ಮಿನಲ್ಲುಗಳಲ್ಲಿ ಒತ್ತು ಬಿಡಿಬಿಡಿಯಾಗಿ ಒಡೆಯುತ್ತದೆ. ಕೆಡಿಇ ಬಳಗದ ಕಾನ್ಸೋಲ್‌ನಲ್ಲಿ ತಕ್ಕಮಟ್ಟಿಗೆ ಓದಬಹುದು, ಅಲ್ಲಿಯೂ ಸಾಲು ನೆಟ್ಟಗೆ ನಿಲ್ಲದು. ಒಳಗಿನ ಪಠ್ಯ ಸರಿಯಾಗಿಯೇ ಇರುತ್ತದೆ, ತೋರುವುದಷ್ಟೇ ಕುರೂಪ. ನಾನು ಕೆಲಸವನ್ನು ಅಲ್ಲಿ ಮಾಡಿ, ಫಲವನ್ನು ಬೇರೆ ಕಿಟಕಿಯಲ್ಲಿ ಓದುತ್ತೇನೆ.

ಹೀಗಿದ್ದೂ ಆ ಪರದೆಗೆ ಕನ್ನಡ ಕಲಿಸಬಹುದು ಎಂಬುದನ್ನು ಕಂಡುಕೊಂಡ ದಿನ ನಾನು ಮನೆಯಾಕೆಯನ್ನು ಅಡಿಗೆಮನೆಯಿಂದ ಕರೆದು ತೋರಿಸಿದೆ. ಬ್ಯಾಷ್ ಎಂಬ ದುಭಾಷಿಯು ನಮ್ಮ ಮಾತನ್ನು ಯಂತ್ರಕ್ಕೆ ದಾಟಿಸುತ್ತದೆ. ಅದಕ್ಕೆ 'ಅಲಿಯಾಸ್' ಎಂಬ ಅಡ್ಡಹೆಸರು ಇಡುವ ಸೌಕರ್ಯವಿದೆ. ಆ ಅಡ್ಡಹೆಸರು ಕನ್ನಡ ಲಿಪಿಯಲ್ಲಿದ್ದರೂ ಅದು ಬೇಡವೆನ್ನುವುದಿಲ್ಲ. ಮನೆಯ ಕಡತಕೋಶದಲ್ಲಿ ಬ್ಯಾಷ್‌ಆರ್‌ಸಿ ಎಂಬ, ಹೆಸರಿನ ಮುಂದೆ ಚುಕ್ಕಿಯಿಟ್ಟುಕೊಂಡು ಮರೆಯಾಗಿರುವ ಕಡತದಲ್ಲಿ ನಾಲ್ಕು ಸಾಲು ಸೇರಿಸಿದೆ. ಅಂದಿನಿಂದ ನಾನು 'ಪಟ್ಟಿ' ಎಂದು ಬರೆದರೆ ಪಟ್ಟಿ ಬರುತ್ತದೆ, 'ಹುಡುಕು' ಎಂದರೆ ಹುಡುಕುತ್ತದೆ. ಮನೆಯಾಕೆ ಕೇಳಿದರು: "ಹಾಲು ತಾ ಅಂದರ ತರತದೇನು?"

ಈಗ ಪತ್ರಿಕೆಯ ವಿಷಯ. ನಮ್ಮ ತ್ರೈಮಾಸಿಕದ ಹಲವು ವರ್ಷಗಳ ಲೇಖನಗಳು ಸಿಡಿಗಳಲ್ಲಿ, ಹಾರ್ಡ್ ಡಿಸ್ಕುಗಳಲ್ಲಿ ಇದ್ದವು. ತೆರೆದರೆ ಕನ್ನಡವಿಲ್ಲ. 'ಕನ್ನಡ' ಎಂಬ ಪದ ಇರಬೇಕಾದಲ್ಲಿ ಒಂದು ರೋಮನ್ ಪಿ, ನೆತ್ತಿಯ ಮೇಲೆ ಗೀರು ಹೊತ್ತ ಎ, ಬ್ರಿಟಿಷರ ಪೌಂಡಿನ ಚಿಹ್ನೆ, ಮತ್ತೆ ಎ, ಜರ್ಮನರ ಇಮ್ಮಡಿ ಎಸ್, ಚಿಕ್ಕ ಕ್ಯೂ, ಕೊನೆಗೆ ಮತ್ತೊಂದು ಎ. ಆ ಕಾಲದ ನುಡಿ, ಬರಹ ಮುಂತಾದವು ಅಕ್ಷರವನ್ನು ಅಕ್ಷರವಾಗಿ ಇಡಲಿಲ್ಲ. ರೋಮನ್ ಸಂಕೇತಗಳ ಮೇಲೆ ಕನ್ನಡದ ಚಿತ್ರವನ್ನು ಅಂಟಿಸಿದವು. ಆ ಫಾಂಟ್ ಇರುವವರೆಗೆ ಕನ್ನಡ. ಇಲ್ಲವಾದರೆ ಈ ಪ್ರಲಾಪ. ಅಂದು ಅದನ್ನು ಮಾಡಿದವರನ್ನು ನಾನು ದೂಷಿಸುವುದಿಲ್ಲ. ಅವರಿಲ್ಲದಿದ್ದರೆ ನಮ್ಮ ಪತ್ರಿಕೆ ಅಚ್ಚಾಗುತ್ತಲೇ ಇರಲಿಲ್ಲ. ಆದರೆ ಅಚ್ಚಾದ ಮೇಲೆ ಉಳಿಯಬೇಕಾದದ್ದು ಉಳಿಯಲಿಲ್ಲ.

ಈ ಹಳೆಯ ಸಂಕೇತವನ್ನು ಯೂನಿಕೋಡಿಗೆ ಒಯ್ಯುವ ಪರಿವರ್ತಕಗಳನ್ನು ಕನ್ನಡದ ಮುಕ್ತ ತಂತ್ರಾಂಶ ಬಳಗದವರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಒಂದು ಲೇಖನವನ್ನಾದರೆ ಯಾವ ಕಿಟಕಿಯಲ್ಲಾದರೂ ಅಂಟಿಸಿ ತಿರುಗಿಸಬಹುದು. ನಮ್ಮಲ್ಲಿ ಇದ್ದವು ಆರುನೂರಕ್ಕೂ ಮೀರಿದ ಕಡತಗಳು. ಇಲ್ಲಿ ಕಪ್ಪು ಪರದೆ ತನ್ನ ಬೆಲೆಯನ್ನು ತೋರಿಸಿತು. ಲಿಬ್ರೆಆಫೀಸನ್ನು ಕಿಟಕಿಯೇ ತೆರೆಯದೆ ಆದೇಶದಿಂದ ನಡೆಸಿ ಎಲ್ಲ ಡಾಕ್ ಕಡತಗಳನ್ನು ಬರಿಯ ಪಠ್ಯವಾಗಿಸುವುದು, ಒಂದೊಂದನ್ನೂ ಪರಿವರ್ತಕಕ್ಕೆ ಉಣಿಸುವುದು, ಬಂದುದನ್ನು ವರ್ಷದ ಹೆಸರಿನ ಕೋಶದಲ್ಲಿ ಇಡುವುದು. ಇಷ್ಟಕ್ಕೆ ಏಳೆಂಟು ಸಾಲಿನ ಒಂದು ಪುಟ್ಟ ಲಿಪಿ ಬರೆದೆವು. ಹೊರಗೆ ಧೋ ಎಂದು ಮಳೆ, ವಿದ್ಯುತ್ತು ಹೋಗದಿರಲೆಂದು ಬೇಡುತ್ತ ರಾತ್ರಿ ಹತ್ತಕ್ಕೆ ಎಂಟರ್ ಒತ್ತಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಕನ್ನಡ! ಅರ್ಕಾವತ್ತು, ರಕಾರದ ಒತ್ತುಗಳಲ್ಲಿ ತಪ್ಪುಗಳಿದ್ದವು. ತಿದ್ದಲು ತಿಂಗಳುಗಳು ಹಿಡಿದವು. ಆದರೆ ತೀರಿಕೊಂಡ ಎಷ್ಟೋ ಸದಸ್ಯರ ಮಾತುಗಳು 'ಹುಡುಕು' ಎಂದರೆ ಓಗೊಡತೊಡಗಿದವು.

ಕಳೆದುದನ್ನು ಇನ್ನು ಹೇಳಬೇಕು. ಇದನ್ನು ಸಂಘದ ಕೆಲವರಿಗಷ್ಟೇ ಹೇಳಿದ್ದೆ.

2021ರ ಮಳೆಗಾಲ. ಸಂಘದ ಹಿರಿಯ ಸದಸ್ಯೆಯೊಬ್ಬರು, 1950ರ ದಶಕದಲ್ಲಿ ಮದುವೆಯಾಗಿ ಗಂಡನೊಡನೆ ಈ ಊರಿಗೆ ಬಂದವರು, ತಮ್ಮ ನೆನಪುಗಳ ಮೊದಲ ಭಾಗವನ್ನು ನಮ್ಮ ಪತ್ರಿಕೆಗೆ ಕೊಟ್ಟಿದ್ದರು; ಅದು ಅಚ್ಚಾಗಿದೆ. ಎರಡನೆಯ ಭಾಗವನ್ನು ಅವರು ಹಲವು ಮಧ್ಯಾಹ್ನ ಹೇಳುತ್ತ ಹೋದರು, ನಾನು ನೇರವಾಗಿ ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡೆ. ತರಕಾರಿಯವಳಿಂದ ಮರಾಠಿ ಕಲಿತದ್ದು, ಸೋಮವಾರದ ಭಜನೆಗೆ ಕನ್ನಡದ ಹೆಂಗಸರು ಒಬ್ಬರನ್ನೊಬ್ಬರು ಹುಡುಕಿಕೊಂಡದ್ದು, ತಾಯಿ ಸತ್ತ ತಂತಿ ಮೂರು ದಿನ ತಡವಾಗಿ ಮುಟ್ಟಿದ್ದು. ಬರೆದು ಮುಗಿದ ಕೆಲವೇ ವಾರಗಳಲ್ಲಿ ಅವರು ತೀರಿಕೊಂಡರು. ಒಂದು ಸಂಜೆ ನಾನು ಕರಡುಗಳನ್ನು ಅಳಿಸಲು ಕುಳಿತೆ. ಅಳಿಸುವ ಆದೇಶ ಆರ್‌ಎಂ. 'ಕರಡು' ಎಂಬ ಪದದಿಂದ ಮೊದಲಾಗುವ ಎಲ್ಲವನ್ನೂ ಎಂದು ಹೇಳಲು ಪದದ ಬೆನ್ನಿಗೆ ಅಂಟಿಸಿ ನಕ್ಷತ್ರದ ಗುರುತು ಹಾಕಬೇಕು. ನನ್ನ ಹೆಬ್ಬೆರಳು ನಡುವೆ ಒಂದು ತೆರಪು ಒತ್ತಿತು. ಅರ್ಥ ಬದಲಾಯಿತು: 'ಕರಡು' ಎಂಬುದನ್ನು ಅಳಿಸು, ಮತ್ತು ಇಲ್ಲಿರುವ ಸಕಲವನ್ನೂ ಅಳಿಸು. ಅದು ಮರುಪ್ರಶ್ನೆ ಕೇಳಲಿಲ್ಲ. ಮುಂದಿನ ಸಾಲಿಗೆ ಬಂದು ಮಿನುಗುತ್ತ ನಿಂತಿತು.

ನಮ್ಮ ಘಾಟಿಯಲ್ಲಿ ಬ್ರೇಕು ತಪ್ಪಿದ ಗಾಡಿಯನ್ನು ಏರುಮುಖದ ಪಕ್ಕದ ಹಳಿಗೆ ತಿರುಗಿಸಿ ನಿಲ್ಲಿಸಲು ಕ್ಯಾಚ್ ಸೈಡಿಂಗ್ ಇಟ್ಟಿದ್ದಾರೆ. ಆರ್‌ಎಂಗೆ ಅಂಥ ಹಳಿಯಿಲ್ಲ. ಮೌಸಿನಿಂದ ಅಳಿಸಿದ್ದು ಕಸದ ಬುಟ್ಟಿಯಲ್ಲಿರುತ್ತದೆ. ಇದು ಬುಟ್ಟಿಗೆ ಹೋಗುವುದಿಲ್ಲ. ಅಚ್ಚಾದ ಸಂಚಿಕೆಗಳೆಲ್ಲ ಸಿಡಿಯಲ್ಲಿದ್ದವು, ಮತ್ತೆ ತಿರುಗಿಸಿದೆ. ಆ ತಾಯಿಯ ಎರಡನೆಯ ಭಾಗಕ್ಕೆ ಮಾತ್ರ ಪ್ರತಿಯಿರಲಿಲ್ಲ. ಫೋಟೋರೆಕ್ ಎಂಬ ಸಾಧನದಿಂದ ಡಿಸ್ಕನ್ನು ಎರಡು ದಿನ ಜಾಲಾಡಿದೆವು. ಹೆಸರಿಲ್ಲದ ನೂರಾರು ತುಣುಕುಗಳು ಬಂದವು, ಅದು ಬರಲಿಲ್ಲ. ಗಾಬರಿಯಲ್ಲಿ ನಾನು ಯಂತ್ರವನ್ನು ಆರಿಸದೆ ಬಳಸುತ್ತಲೇ ಇದ್ದೆ. ಅಳಿದ ಜಾಗದ ಮೇಲೆ ಹೊಸದು ಬರೆದುಹೋಗಿರಬೇಕು ಎಂದ ಹುಡುಗ. ಅವರ ಮಗನ ಮನೆಗೆ ಹೋಗಿ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಕೂತು ಕೇಳಬೇಕಾಗಿತ್ತು" ಎಂದರು, ಚಹಾ ಕೊಟ್ಟರು.

ಅಂದಿನಿಂದ ನನ್ನ ಯಂತ್ರದಲ್ಲಿ ಆರ್‌ಎಂ ಎಂದರೆ ಒಂದೊಂದನ್ನೂ ಕೇಳಿ ಅಳಿಸುವಂತೆ ಅಡ್ಡಹೆಸರು ಇಟ್ಟಿದ್ದೇನೆ. 'ಬುಟ್ಟಿ' ಎಂಬ ಇನ್ನೊಂದು ಮಾತು ಕಡತವನ್ನು ನಿಜವಾಗಿಯೇ ಕಸದ ಬುಟ್ಟಿಗೆ ಕಳಿಸುತ್ತದೆ. ನಕ್ಷತ್ರ ಬಳಸುವ ಮುನ್ನ ಅದೇ ನಕ್ಷತ್ರವನ್ನು ಎಲ್‌ಎಸ್‌ಗೆ ಕೊಟ್ಟು ಏನೇನು ಸಿಕ್ಕೀತೆಂದು ನೋಡುತ್ತೇನೆ. ಘಾಟಿ ಇಳಿಯುವ ಮುನ್ನ ಗಾಡಿ ನಿಂತು ಬ್ರೇಕು ಪರೀಕ್ಷಿಸುವ ಹಾಗೆ. ಪ್ರತಿ ರಾತ್ರಿ ಆರ್‌ಸಿಂಕ್ ಎಂಬ ಆದೇಶ ಎಲ್ಲವನ್ನೂ ಎರಡನೆಯ ಡಿಸ್ಕಿಗೆ ನಕಲು ಮಾಡುತ್ತದೆ. ಮೂರನೆಯ ಪ್ರತಿ ಪುಣೆಯಲ್ಲಿ ಕಾರ್ಯದರ್ಶಿಗಳ ಮನೆಯಲ್ಲಿದೆ. ಯಾರೋ ಹೇಳಿದರೆಂದು ಅರ್ಥ ತಿಳಿಯದ ಸಾಲನ್ನು ನಕಲು ಮಾಡಿ, ಅದರಲ್ಲಿಯೂ 'ಸುಡೊ' ಎಂಬ ಸರ್ವಾಧಿಕಾರದ ಪದವನ್ನು ಮುಂದಿಟ್ಟು, ಎಂಟರ್ ಒತ್ತಬೇಡಿ.

ಲಿನಕ್ಸೇ ಮುಕ್ತಿಮಾರ್ಗವೆಂದು ಹೇಳುವವರ ಗುಂಪಿನಲ್ಲಿ ನಾನಿಲ್ಲ. ಅಂಗಡಿಯ ಲೆಕ್ಕಕ್ಕೆ, ಡಿಜಿಟಲ್ ಸಹಿಗೆ ವಿಂಡೋಸಿನ ತಂತ್ರಾಂಶವನ್ನೇ ನೆಚ್ಚಿಕೊಂಡ ವ್ಯಾಪಾರಿಗಳು ಇಲ್ಲಿದ್ದಾರೆ. ಅವರು ಅದನ್ನು ಬಿಡಬೇಕಾಗಿಲ್ಲ. ಆದರೆ ಒಂದು ಮಾತನ್ನು ಸಂಘದ ವೇದಿಕೆಯಿಂದ ಹೇಳಲೇಬೇಕು. ಗಡಿಯ ಪ್ರಶ್ನೆ ಬಂದಾಗ, ಫಲಕದ ಪ್ರಶ್ನೆ ಬಂದಾಗ ನಾವು ಮಹಾಜನ ವರದಿಯನ್ನು ಬಾಯಿಪಾಠ ಒಪ್ಪಿಸುತ್ತೇವೆ. ನಮ್ಮ ಮಕ್ಕಳು ದಿನಕ್ಕೆ ಎಂಟು ಗಂಟೆ ನೋಡುವ ಫಲಕ ಮಾತ್ರ ಯಾವ ಭಾಷೆಯಲ್ಲಿದೆ ಎಂದು ಕೇಳುವುದಿಲ್ಲ. ಕಾಸರಗೋಡನ್ನು ನೋಡಿ. ಕನ್ನಡದ ಹಕ್ಕಿಗಾಗಿ ಅಲ್ಲಿನವರು ಕೇರಳ ಸರ್ಕಾರದೊಡನೆ ಹೋರಾಡಿದ್ದಾರೆ, ಹೋರಾಡುತ್ತಲೂ ಇದ್ದಾರೆ. ಆದರೆ ಅದೇ ಕೇರಳ 2001ರಲ್ಲಿ 'ಐಟಿ ಅಟ್ ಸ್ಕೂಲ್' ಯೋಜನೆಯನ್ನು ತೊಡಗಿ, ಕ್ರಮೇಣ ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ತಂದಿತು. 2017ರಲ್ಲಿ ಅದು ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. ಅದರ ಫಲವಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಲಿನಕ್ಸನ್ನು ಪಾಠವಾಗಿಯೇ ಕಲಿಯುತ್ತಾರೆ, ಅದರ ಪಠ್ಯಪುಸ್ತಕ ಕನ್ನಡದಲ್ಲಿದೆ. ಕನ್ನಡದಲ್ಲಿ ಲಿನಕ್ಸ್ ಕಲಿಸುವ ಪುಸ್ತಕ ಬೇಕೆಂದು ಹುಡುಕುತ್ತಿದ್ದ ನನಗೆ ಅದು ದೊರೆತದ್ದು ಕೇರಳ ಸರ್ಕಾರದಿಂದ! ಇದರಲ್ಲಿ ವ್ಯಂಗ್ಯವೆಷ್ಟು, ಪಾಠವೆಷ್ಟು ಎಂಬುದನ್ನು ತಾವೇ ಅಳೆದುಕೊಳ್ಳಿ. ಜತ್ತ, ಅಕ್ಕಲಕೋಟೆಗಳ ಕನ್ನಡ ಶಾಲೆಗಳಿಗೆ ನಮ್ಮ ಸಂಘ ವರ್ಷಕ್ಕೊಮ್ಮೆ ಪುಸ್ತಕ ಹಂಚುತ್ತದೆ. ಮುಂದಿನ ಬಾರಿ ಕನ್ನಡ ತೋರುವ ನಾಲ್ಕು ಹಳೆಯ ಯಂತ್ರಗಳನ್ನೂ ಒಯ್ಯಬಹುದೇ ಎಂದು ಕಾರ್ಯಕಾರಿ ಸಮಿತಿ ಯೋಚಿಸಲಿ. ತಮ್ಮ ಅಟ್ಟದ ಮೇಲೆ ಎಸೆದಿರುವ ಲ್ಯಾಪ್‌ಟಾಪುಗಳೇ ಸಾಕು.

ಭಾಷಣ ಉದ್ದವಾಯಿತು, ಚಹಾ ಆರುತ್ತಿದೆ. ಹಿಂದಿನ ಕೋಣೆಯಲ್ಲಿ ನನ್ನ ಯಂತ್ರವಿದೆ. ಬಂದು ಬೆರಳಾಡಿಸಿ, ಕೆಟ್ಟರೆ ಎರಡನೆಯ ಪ್ರತಿಯಿದೆ. ನಮ್ಮ ತ್ರೈಮಾಸಿಕದ ಒಂಬತ್ತು ಸಂಚಿಕೆಗಳು ಸಿಡಿಯಲ್ಲೂ ಇಲ್ಲ, ಕಚೇರಿಯಲ್ಲೂ ಇಲ್ಲ; ಅವುಗಳ ಪಟ್ಟಿಯನ್ನು ಬಾಗಿಲ ಬಳಿ ಅಂಟಿಸಿದ್ದೇನೆ. ಯಾರ ಮನೆಯ ಟ್ರಂಕಿನಲ್ಲಾದರೂ ಇದ್ದರೆ ಒಂದು ವಾರದ ಮಟ್ಟಿಗೆ ಕೊಡಿ. ಹಾಗೆಯೇ, ಆ ತಾಯಿ ಸೋಮವಾರದ ಭಜನೆಯಲ್ಲಿ ಹೇಳುತ್ತಿದ್ದ ಕಥೆಗಳನ್ನು ಕೇಳಿದವರು ಈ ಸಭೆಯಲ್ಲಿ ಮೂವರಾದರೂ ಇದ್ದೀರಿ. ತಾವು ಹೇಳುವುದಾದರೆ ನಾನು ಬರೆದುಕೊಳ್ಳಲು ಸಿದ್ಧನಿದ್ದೇನೆ. ಈ ಬಾರಿ ಮೊದಲು ಕಾಗದದ ಮೇಲೆ.